ಖಿನ್ನತೆ: ಅರಿತುಕೊಳ್ಳಬೇಕಾದ, ಗುಣಪಡಿಸಬಹುದಾದ ಕಾಯಿಲೆ

ಮನಸ್ಸು ಕುಗ್ಗುವುದನ್ನು ಹೇಳಲು ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಬೇಸರ, ಕೊರಗು, ಅಳಲು, ದುಗುಡ, ವ್ಯಥೆ, ಹತಾಶೆ, ವಿಷಾದ, ಹೀಗೆ ಒಂದೊಂದಕ್ಕೂ ಒಂದೊಂದು ಛಾಯೆಯಿದೆ. ಬರುತ್ತೇವೆಂದ ನೆಂಟರು ಬಾರದಿದ್ದರೆ ಬೇಸರ; ಮಗಳಿಗೆ ಸಂಬಂಧ ಕುದುರದಿದ್ದರೆ ಕೊರಗು; ಹತ್ತಿರದವರು ತೀರಿಕೊಂಡರೆ ಅಳಲು. ಇಷ್ಟೆಲ್ಲ ಪದಗಳಿದ್ದೂ ವೈದ್ಯಶಾಸ್ತ್ರವು ‘ಡಿಪ್ರೆಶನ್’ ಎಂದು ಗುರುತಿಸುವ ಕಾಯಿಲೆಗೆ ನಮ್ಮ ಆಡುಮಾತಿನಲ್ಲಿ ನಿಶ್ಚಿತವಾದ ಹೆಸರಿಲ್ಲ. ‘ಖಿನ್ನತೆ’ ಎಂಬುದು ಪುಸ್ತಕದ ಪದ. ‘ನನಗೆ ಖಿನ್ನತೆಯಾಗಿದೆ’ ಎಂದು ಯಾವ ತಾಯಿಯೂ ನನ್ನ ಮುಂದೆ ಕುಳಿತು ಹೇಳಿದ್ದಿಲ್ಲ. ತನ್ನದೇ ಹೆಸರಿಲ್ಲದ ಈ ಕಾಯಿಲೆ ನಮ್ಮ ಮನೆಗಳಿಗೆ ಬೇರೆ ಹೆಸರುಗಳನ್ನು ಹೊತ್ತು ಬರುತ್ತದೆ: ಸುಸ್ತು, ತಲೆಭಾರ, ಸೋಮಾರಿತನ, ಹಟ, ದೃಷ್ಟಿ, ಗ್ರಹಚಾರ.

ನಾನು ಮನೋವೈದ್ಯನಲ್ಲ. ಉತ್ತರ ಕೆರೊಲೈನಾದ ರಾಲಿ ಪರಿಸರದಲ್ಲಿ ಬಹುಕಾಲದಿಂದ ವಯಸ್ಕರ ಸಾಮಾನ್ಯ ಕಾಯಿಲೆಗಳಿಗೆ ಚಿಕಿತ್ಸೆ ನೀಡುತ್ತಿರುವ ವೈದ್ಯ. ಆದರೆ ಖಿನ್ನತೆಯುಳ್ಳವರು ಮೊದಲು ತಟ್ಟುವ ಬಾಗಿಲು ಮನೋವೈದ್ಯರದಾಗಿರುವುದು ಅಪರೂಪ. ಅವರು ರಕ್ತದೊತ್ತಡ, ಮಧುಮೇಹ, ಮಂಡಿನೋವುಗಳ ಸಾಲಿನಲ್ಲಿ ನನ್ನಂಥವರ ಬಳಿಗೇ ಬರುತ್ತಾರೆ. ಆದುದರಿಂದ ಈ ಕಾಯಿಲೆಯ ಸ್ವರೂಪವನ್ನೂ ಚಿಕಿತ್ಸೆಯನ್ನೂ ನಮ್ಮವರಿಗೆ ನಮ್ಮ ಮಾತಿನಲ್ಲಿಯೇ ವಿವರಿಸುವುದು ಉಪಯುಕ್ತವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ದುಃಖವೆಲ್ಲಿ ಮುಗಿಯುತ್ತದೆ, ಕಾಯಿಲೆಯೆಲ್ಲಿ ತೊಡಗುತ್ತದೆ?

ದುಃಖಪಡುವುದು ಆರೋಗ್ಯವಂತ ಮನಸ್ಸಿನ ಲಕ್ಷಣವೇ ಹೌದು. ಆಪ್ತರು ಅಗಲಿದಾಗ ಉಂಟಾಗುವ ಶೋಕವು ಅಲೆಯಂತೆ ಬಂದು ಹೋಗುತ್ತದೆ. ನಡುನಡುವೆ ಹಳೆಯ ನೆನಪೊಂದಕ್ಕೆ ನಗುವೂ ಬರುತ್ತದೆ. ‘ನಾನು ಕೆಲಸಕ್ಕೆ ಬಾರದವನು’ ಎಂಬ ಭಾವನೆ ಅಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಖಿನ್ನತೆಯಲ್ಲಿ ಅಲೆಯ ಏರಿಳಿತ ಕಡಿಮೆ. ದಿನವಿಡೀ, ದಿನದಿನವೂ ಒಂದೇ ಬಗೆಯ ಮಂಕು ಕವಿದಿರುತ್ತದೆ. ವೈದ್ಯರು ಅದನ್ನು ಗುರುತಿಸುವುದು ಈ ಒಂಬತ್ತು ಲಕ್ಷಣಗಳಿಂದ:

1. ದಿನದ ಬಹುಭಾಗ ಮನಸ್ಸು ಕುಗ್ಗಿರುವುದು.
2. ಹಿಂದೆ ಸಂತೋಷ ಕೊಡುತ್ತಿದ್ದ ಯಾವುದರಲ್ಲಿಯೂ ಆಸಕ್ತಿ ಉಳಿಯದಿರುವುದು.
3. ಹಸಿವು ಅಥವಾ ದೇಹದ ತೂಕದಲ್ಲಿ ಗಮನಾರ್ಹವಾದ ಏರುಪೇರು.
4. ನಿದ್ದೆ ಬಾರದಿರುವುದು, ನಸುಕಿನಲ್ಲಿಯೇ ಎಚ್ಚರವಾಗುವುದು, ಇಲ್ಲವೇ ಅತಿಯಾದ ನಿದ್ದೆ.
5. ಇತರರ ಕಣ್ಣಿಗೆ ಬೀಳುವಷ್ಟು ಚಡಪಡಿಕೆ ಅಥವಾ ಮಾತು, ನಡೆಗಳಲ್ಲಿ ನಿಧಾನ.
6. ಸದಾ ಆಯಾಸ.
7. ತಾನು ನಿಷ್ಪ್ರಯೋಜಕ ಎಂಬ ಭಾವನೆ, ಸಕಾರಣವಿಲ್ಲದ ತಪ್ಪಿತಸ್ಥ ಭಾವನೆ.
8. ಏಕಾಗ್ರತೆಯ ಕೊರತೆ, ಸಣ್ಣ ನಿರ್ಧಾರಕ್ಕೂ ತಡವರಿಸುವುದು.
9. ಸಾವಿನ ಅಥವಾ ಆತ್ಮಹತ್ಯೆಯ ಯೋಚನೆ.

ಇವುಗಳಲ್ಲಿ ಐದಾದರೂ ಲಕ್ಷಣಗಳು ಕನಿಷ್ಠ ಎರಡು ವಾರಗಳ ಕಾಲ ಹೆಚ್ಚುಕಡಿಮೆ ಪ್ರತಿದಿನವೂ ಇದ್ದು, ಅವುಗಳಲ್ಲಿ ಮೊದಲ ಎರಡರ ಪೈಕಿ ಒಂದಾದರೂ ಸೇರಿದ್ದು, ದೈನಂದಿನ ಬದುಕಿಗೆ ತೊಡಕಾಗಿದ್ದರೆ ಅದು ಖಿನ್ನತೆ. ಇಲ್ಲಿಯ ಚಿಕಿತ್ಸಾಲಯಗಳಲ್ಲಿ ತುಂಬಲು ಕೊಡುವ ‘ಪಿ.ಎಚ್.ಕ್ಯೂ-9’ ಎಂಬ ಪ್ರಶ್ನಾವಳಿ ಇವೇ ಒಂಬತ್ತು ಅಂಶಗಳನ್ನು ಕೇಳುತ್ತದೆ. ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರು ವಿವರವಾಗಿ ವಿಚಾರಿಸಬೇಕು. ನಮ್ಮವರಲ್ಲಿ ಅನೇಕರು ಈ ಹಾಳೆಯನ್ನು ವಿಮಾನದ ಸುಂಕದ ಚೀಟಿಯಂತೆ ಎಲ್ಲದಕ್ಕೂ ‘ಇಲ್ಲ’ ಎಂದು ಗುರುತುಹಾಕಿ ಹಿಂದಿರುಗಿಸುತ್ತಾರೆ. ಅದನ್ನು ರಕ್ತಪರೀಕ್ಷೆಯಷ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕೆಂದು ನನ್ನ ವಿನಂತಿ.

ಭಾರತದಲ್ಲಿ 2015–16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಇಪ್ಪತ್ತಕ್ಕೆ ಒಬ್ಬರು ಜೀವನದಲ್ಲಿ ಎಂದಾದರೊಮ್ಮೆ ಖಿನ್ನತೆಯನ್ನು ಅನುಭವಿಸಿದವರು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ದೊರೆತಿರಲಿಲ್ಲ. ನೂರು ಜನ ಕನ್ನಡಿಗರು ಸೇರುವ ಯುಗಾದಿಯ ಊಟದ ಪಂಕ್ತಿಯಲ್ಲಿ ಐವರಾದರೂ ಈ ಹಾದಿಯನ್ನು ಸವೆಸಿದವರು ಇರಬಹುದೆಂದು ಇದರಿಂದ ಊಹಿಸಬಹುದು.

ಮೈಯ ಭಾಷೆಯಲ್ಲಿ ಮನಸ್ಸಿನ ದೂರು

ನಮ್ಮ ಹಿರಿಯರು ಮನಸ್ಸಿನ ನೋವನ್ನು ಹೆಚ್ಚಾಗಿ ಮೈಯ ಮೂಲಕ ಹೇಳುತ್ತಾರೆ. ಎದೆ ಹಿಡಿದಂತಾಗುತ್ತದೆ, ಹೊಟ್ಟೆಯಲ್ಲಿ ಉರಿ, ನೆತ್ತಿ ಕಾಯುತ್ತದೆ, ಕೈಕಾಲು ಜೋಮು, ಮೈಯಲ್ಲಿ ತ್ರಾಣವಿಲ್ಲ. ಇದು ನಟನೆಯಲ್ಲ, ನೋವು ನಿಜವಾದುದೇ. ಮನಸ್ಸಿನ ಸ್ಥಿತಿಯನ್ನೂ ನೋವಿನ ಅನುಭವವನ್ನೂ ನಿಯಂತ್ರಿಸುವ ನರಮಾರ್ಗಗಳು ಮಿದುಳಿನಲ್ಲಿ ಬಹುಮಟ್ಟಿಗೆ ಹೆಣೆದುಕೊಂಡಿವೆ.

ಒಂದು ಉದಾಹರಣೆ ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಮಲೆನಾಡಿನ ತಾಯಿಯೊಬ್ಬರು, ಎಪ್ಪತ್ತರ ಸಮೀಪದವರು, ಮಗನ ಮನೆಗೆ ಆರು ತಿಂಗಳಿಗೆಂದು ಬಂದಿದ್ದರು. ಎದೆಯುರಿ, ನಿದ್ರಾಹೀನತೆ. ಹೃದಯದ ಪರೀಕ್ಷೆ, ಜಠರದ ಪರೀಕ್ಷೆಗಳೆಲ್ಲ ಬೇರೆಡೆ ಮುಗಿದು, ಏನೂ ಇಲ್ಲವೆಂಬ ಉತ್ತರ ಬಂದಿತ್ತು. ಮನಸ್ಸಿನ ಬಗ್ಗೆ ನಾನು ಕೇಳಿದ ಪ್ರತಿ ಪ್ರಶ್ನೆಗೂ ಅವರು ಬಾಯಿ ತೆರೆಯುವ ಮೊದಲೇ ಮಗ ಇಂಗ್ಲಿಷಿನಲ್ಲಿ ‘ಹಾಗೇನೂ ಇಲ್ಲ’ ಎಂದು ಉತ್ತರಿಸುತ್ತಿದ್ದರು. ಅವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಕೇಳಿಕೊಂಡೆ. ‘ಅಮ್ಮಾ, ಬೆಳಿಗ್ಗೆ ಎದ್ದಾಗ ಏನನ್ನಿಸುತ್ತೆ?’ ಎಂದೆ. ‘ಯಾಕಾದ್ರೂ ಬೆಳಗಾಯ್ತೋ ಅನ್ಸುತ್ತೆ ಡಾಕ್ಟ್ರೇ’ ಎಂದು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಪತಿ ತೀರಿಕೊಂಡು ಎರಡು ವರ್ಷವಾಗಿತ್ತು. ಊರಿನ ಮನೆಗೆ ಬೀಗ ಬಿದ್ದಿತ್ತು. ಇಲ್ಲಿ ಹಗಲೆಲ್ಲ ಮನೆಯಲ್ಲಿ ಒಬ್ಬರೇ. ಒಂಬತ್ತರಲ್ಲಿ ಏಳು ಲಕ್ಷಣಗಳು ಅವರಲ್ಲಿದ್ದವು. ರಕ್ತಪರೀಕ್ಷೆಯಲ್ಲಿ ಬಿ-12 ಜೀವಸತ್ವದ ಕೊರತೆಯೂ ಕಂಡಿತು. ಅದಕ್ಕೆ ಪೂರಕ, ಅಲ್ಪ ಪ್ರಮಾಣದಲ್ಲಿ ಖಿನ್ನತೆಯ ಮಾತ್ರೆ, ದಿನವೂ ನೆರೆಯ ಗುಜರಾತಿ ಅಜ್ಜಿಯೊಡನೆ ನಡಿಗೆ, ಇಷ್ಟೇ ಚಿಕಿತ್ಸೆ. ಎರಡೂವರೆ ತಿಂಗಳಾದ ಮೇಲೆ ಅವರು ಸೊಸೆ ಹುರಿದ ಸಾರಿನ ಪುಡಿಗೆ ಮೆಂತ್ಯ ಹೆಚ್ಚಾಯಿತೆಂದು ದೂರಿದರಂತೆ. ಆ ದೂರು ಕೇಳಿ ಮನೆಯವರಿಗೆಲ್ಲ ಸಮಾಧಾನವಾಯಿತೆಂದು ಸೊಸೆಯೇ ನನಗೆ ಹೇಳಿದರು.

ಇಂಥ ಸಂದರ್ಭಗಳಲ್ಲಿ ಮನೆಯವರು ದುಭಾಷಿಗಳಾಗುವುದು ಸರಿಯಲ್ಲ. ಸಂಯುಕ್ತ ಸರ್ಕಾರದ ನೆರವು ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಬಾರದ ರೋಗಿಗೆ ಉಚಿತವಾಗಿ ದುಭಾಷಿಯನ್ನು ಒದಗಿಸಬೇಕು. ದೂರವಾಣಿಯ ಮೂಲಕ ಕನ್ನಡ ದುಭಾಷಿಯನ್ನು ಕೇಳಿ ಪಡೆಯಲು ಸಂಕೋಚ ಬೇಡ. ಮಗನ ಮುಂದೆ ತಾಯಿ ಹೇಳಲಾರದ ಮಾತುಗಳಿರುತ್ತವೆ. ಅಂಥ ಮಾತುಗಳಲ್ಲಿಯೇ ರೋಗದ ಸುಳಿವು ಅಡಗಿರುತ್ತದೆ.

ಕಾರಣಗಳು

ಖಿನ್ನತೆಗೆ ಒಂದೇ ಕಾರಣವಿಲ್ಲ. ಅವಳಿಗಳ ಅಧ್ಯಯನಗಳ ಪ್ರಕಾರ ವ್ಯಕ್ತಿವ್ಯಕ್ತಿಗಳ ನಡುವಣ ವ್ಯತ್ಯಾಸದಲ್ಲಿ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಅನುವಂಶೀಯತೆಯ ಪಾಲು. ಉಳಿದುದು ಬಾಲ್ಯದ ಅನುಭವ, ನಷ್ಟ, ಒಂಟಿತನ, ದೀರ್ಘಕಾಲದ ಕಾಯಿಲೆ, ಮದ್ಯಪಾನ ಮುಂತಾದವುಗಳದು. ಸಿರೊಟೋನಿನ್ ಎಂಬ ರಾಸಾಯನಿಕದ ಕೊರತೆಯೇ ಖಿನ್ನತೆ ಎಂಬ ಸರಳ ವಿವರಣೆಯನ್ನು ಬಹಳ ವರ್ಷ ಎಲ್ಲರೂ ಹೇಳುತ್ತಿದ್ದರು. ಇಂದಿನ ತಿಳಿವಳಿಕೆ ಅಷ್ಟು ಸರಳವಾಗಿಲ್ಲ. ಒತ್ತಡದ ಹಾರ್ಮೋನುಗಳು, ಉರಿಯೂತ, ನರಕೋಶಗಳು ಹೊಸ ಸಂಪರ್ಕಗಳನ್ನು ಬೆಳೆಸಿಕೊಳ್ಳುವ ಶಕ್ತಿ ಇವೆಲ್ಲವೂ ಇದರಲ್ಲಿ ಪಾತ್ರ ವಹಿಸುತ್ತವೆ.

ಖಿನ್ನತೆಯಂತೆ ತೋರುವ ದೇಹದ ಕಾಯಿಲೆಗಳನ್ನು ಮೊದಲು ಪರೀಕ್ಷಿಸಬೇಕು. ಥೈರಾಯ್ಡ್ ಗ್ರಂಥಿಯ ಮಾಂದ್ಯ, ರಕ್ತಹೀನತೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇವು ಮುಖ್ಯ. ನಮ್ಮಲ್ಲಿ ಸಸ್ಯಾಹಾರಿಗಳು ಹೆಚ್ಚು. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ನುಂಗುವವರೂ ಹೆಚ್ಚು. ಎರಡೂ ಬಿ-12 ಕೊರತೆಗೆ ದಾರಿ. ಸ್ಟಿರಾಯ್ಡ್‌ನಂಥ ಕೆಲವು ಔಷಧಗಳು ಕೂಡ ಮನಸ್ಥಿತಿಯನ್ನು ಕೆಡಿಸಬಲ್ಲವು.

ವಲಸೆ ಬಂದವರಿಗೆ ಬೆಳಕಿನದೂ ಒಂದು ಲೆಕ್ಕವಿದೆ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ರಾಲಿ ಸುಮಾರು 36 ಡಿಗ್ರಿಯಲ್ಲಿ. ಡಿಸೆಂಬರಿನ ಕೊನೆಯಲ್ಲಿ ಬೆಂಗಳೂರಿನ ಹಗಲು ಹನ್ನೊಂದು ಗಂಟೆಗೂ ಹೆಚ್ಚು, ರಾಲಿಯದು ಹತ್ತು ಗಂಟೆಗೂ ಕಡಿಮೆ. ಚಳಿಗಾಲದಲ್ಲಿ ಮರುಕಳಿಸುವ ಋತುಮಾನದ ಖಿನ್ನತೆಯನ್ನು 1984ರಲ್ಲಿ ಮೊದಲು ಸ್ಪಷ್ಟವಾಗಿ ವಿವರಿಸಿದವರು ವಾಷಿಂಗ್ಟನ್ ಸಮೀಪದ ಬೆಥೆಸ್ಡಾದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ನಾರ್ಮನ್ ರೋಸೆಂತಾಲ್ ಮತ್ತು ಅವರ ಸಹೋದ್ಯೋಗಿಗಳು. ರೋಸೆಂತಾಲ್ ಬಿಸಿಲಿನ ದಕ್ಷಿಣ ಆಫ್ರಿಕಾದಿಂದ ಬಂದ ವಲಸಿಗರು. ಇಲ್ಲಿಯ ಚಳಿಗಾಲದಲ್ಲಿ ತಮ್ಮದೇ ಉತ್ಸಾಹ ಇಳಿಯುವುದನ್ನು ಅವರು ಗಮನಿಸಿದ್ದರು. ಬೆಳಿಗ್ಗೆ ಅರ್ಧ ಗಂಟೆ ಹತ್ತು ಸಾವಿರ ಲಕ್ಸ್ ಪ್ರಖರತೆಯ ದೀಪದ ಮುಂದೆ ಕೂರುವುದು ಇದಕ್ಕೆ ಪರಿಣಾಮಕಾರಿಯಾದ ಚಿಕಿತ್ಸೆ. ಕಣ್ಣಿನ ಕಾಯಿಲೆಯುಳ್ಳವರು ವೈದ್ಯರನ್ನು ಕೇಳಿ ಬಳಸಬೇಕು.

ಬಾಣಂತನದ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಹೆರಿಗೆಯ ನಂತರ ಮೊದಲ ವಾರದಲ್ಲಿ ಸುಮ್ಮನೆ ಅಳು ಬರುವುದು ಸಹಜ; ಎರಡು ವಾರಗಳೊಳಗೆ ಅದು ತಾನಾಗಿಯೇ ಕಳೆಯುತ್ತದೆ. ಅದಕ್ಕೂ ಮೀರಿ ಉಳಿದರೆ, ಮಗುವಿನ ಮೇಲೆ ಮಮತೆಯೇ ಹುಟ್ಟುತ್ತಿಲ್ಲವೆಂಬ ಕೊರಗಿದ್ದರೆ, ಅದು ಹೆರಿಗೆಯ ನಂತರದ ಖಿನ್ನತೆ. ನಮ್ಮ ಅಜ್ಜಿಯರು ‘ಬಾಣಂತಿ ಸನ್ನಿ’ ಎಂದು ಕರೆಯುತ್ತಿದ್ದುದು ಇನ್ನೂ ತೀವ್ರವಾದುದು: ಭ್ರಮೆ, ಅಸಂಬದ್ಧ ಮಾತು, ನಿದ್ದೆಯೇ ಇಲ್ಲದಿರುವುದು. ಅದು ತುರ್ತು ಸ್ಥಿತಿ. ತಾಯಿ, ಮಗು ಇಬ್ಬರ ಪ್ರಾಣಕ್ಕೂ ಅಪಾಯವಿರುವುದರಿಂದ ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಬೇಕು. ಊರಿನಿಂದ ಬಾಣಂತನಕ್ಕೆ ಬಂದ ತಾಯಂದಿರು ಎಣ್ಣೆನೀರು, ಪಥ್ಯಗಳ ಜತೆಗೆ ಈ ವ್ಯತ್ಯಾಸವನ್ನೂ ತಿಳಿದಿರಬೇಕು. ಚಾಪೆಲ್ ಹಿಲ್‌ನ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಗರ್ಭಿಣಿ, ಬಾಣಂತಿಯರ ಮಾನಸಿಕ ಕಾಯಿಲೆಗಳಿಗೆಂದೇ ಪ್ರತ್ಯೇಕವಾದ ಒಳರೋಗಿ ವಿಭಾಗವಿರುವುದು ಈ ಭಾಗದವರ ಅದೃಷ್ಟ. ಹೆರಿಗೆಯ ನಂತರದ ಖಿನ್ನತೆಗೆಂದೇ ಹದಿನಾಲ್ಕು ದಿನ ನುಂಗುವ ಜುರಾನೊಲೋನ್ ಎಂಬ ಔಷಧಕ್ಕೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತಿದೆ.

ಕುಗ್ಗುವುದು, ಹಿಗ್ಗುವುದು

ಮನಸ್ಥಿತಿಯ ಕಾಯಿಲೆಗೆ ಇನ್ನೊಂದು ಮುಖವೂ ಇದೆ. ಕೆಲವರಲ್ಲಿ ಖಿನ್ನತೆಯ ಅವಧಿಗಳ ನಡುವೆ ಅತಿಯಾದ ಉತ್ಸಾಹದ ಅವಧಿಗಳು ಬರುತ್ತವೆ: ಮೂರು ಗಂಟೆ ನಿದ್ದೆಯೇ ಸಾಕೆನಿಸುವುದು, ನಿಲ್ಲದ ಮಾತು, ದುಂದುವೆಚ್ಚ, ಒಮ್ಮೆಗೇ ಹತ್ತು ಯೋಜನೆ. ಇದು ಬೈಪೋಲಾರ್ ಕಾಯಿಲೆ. ಇಂಥವರಿಗೆ ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಉನ್ಮಾದ ಕೆರಳಬಹುದು. ಆದುದರಿಂದ ‘ಎಂದಾದರೂ ಇದಕ್ಕೆ ವಿರುದ್ಧವಾಗಿ ಉತ್ಸಾಹ ಉಕ್ಕಿ ಹರಿದಿತ್ತೇ?’ ಎಂದು ವೈದ್ಯರು ಕೇಳಿದರೆ ಮನೆಯವರು ಮುಚ್ಚಿಡದೆ ಉತ್ತರಿಸಬೇಕು. ಆಸ್ಟ್ರೇಲಿಯದ ಜಾನ್ ಕೇಡ್ 1949ರಲ್ಲಿ ತೋರಿಸಿಕೊಟ್ಟ ಲಿಥಿಯಂ ಇಂದಿಗೂ ಈ ಕಾಯಿಲೆಯ ಪ್ರಮುಖ ಔಷಧ. ರಕ್ತದಲ್ಲಿ ಅದರ ಮಟ್ಟವನ್ನೂ ಮೂತ್ರಪಿಂಡ, ಥೈರಾಯ್ಡ್‌ಗಳನ್ನೂ ನಿಯಮಿತವಾಗಿ ಪರೀಕ್ಷಿಸುತ್ತಿರಬೇಕು.

ರಾಲಿಯ ಗುಡ್ಡ, ಹೊಸೂರು ರಸ್ತೆಯ ಆಸ್ಪತ್ರೆ, ಬಳ್ಳಾರಿಯ ಪ್ರಯೋಗ

ರಾಲಿಯ ಕನ್ನಡಿಗರು ಜುಲೈ ತಿಂಗಳಲ್ಲಿ ಡಿಕ್ಸ್ ಪಾರ್ಕಿನ ಸೂರ್ಯಕಾಂತಿ ಹೊಲದಲ್ಲಿ ಛಾಯಾಚಿತ್ರ ತೆಗೆಸಿಕೊಳ್ಳುವುದು ವಾಡಿಕೆ. ಆ ಗುಡ್ಡವು ಒಂದೂವರೆ ಶತಮಾನ ಮನೋರೋಗಿಗಳ ಆಸ್ಪತ್ರೆಯಾಗಿತ್ತೆಂಬುದು ಎಲ್ಲರಿಗೂ ತಿಳಿದಿರಲಾರದು. 1848ರಲ್ಲಿ ಡೊರೊಥಿಯಾ ಡಿಕ್ಸ್ ಎಂಬ ಮಹಿಳೆ ಉತ್ತರ ಕೆರೊಲೈನಾದ ಸೆರೆಮನೆಗಳಲ್ಲಿಯೂ ಬಡವರ ಆಶ್ರಯಗೃಹಗಳಲ್ಲಿಯೂ ಬಂಧಿತರಾಗಿದ್ದ ಮನೋರೋಗಿಗಳ ದುಃಸ್ಥಿತಿಯನ್ನು ಕಂಡು ರಾಜ್ಯದ ಶಾಸನಸಭೆಗೆ ಮನವಿ ಸಲ್ಲಿಸಿದರು. ಅದರ ಫಲವಾಗಿ ಕಟ್ಟಿದ ಆಸ್ಪತ್ರೆ 1856ರಲ್ಲಿ ಮೊದಲ ರೋಗಿಯನ್ನು ಸೇರಿಸಿಕೊಂಡಿತು, 2012ರಲ್ಲಿ ಮುಚ್ಚಿತು. 2015ರಲ್ಲಿ ರಾಲಿ ನಗರವು ಆ 308 ಎಕರೆ ಜಾಗವನ್ನು ಉದ್ಯಾನಕ್ಕಾಗಿ ಕೊಂಡುಕೊಂಡಿತು. ಅಲ್ಲಿಯೇ ಸತ್ತ ನೂರಾರು ರೋಗಿಗಳ ಸಮಾಧಿಗಳು ಇಂದಿಗೂ ಅದೇ ಆವರಣದಲ್ಲಿವೆ. ಔಷಧಗಳಿಲ್ಲದ ಕಾಲದಲ್ಲಿ ಒಳಗೆ ಹೋದ ಅನೇಕರು ಮನೆಗೆ ಮರಳಲೇ ಇಲ್ಲ.

ನಮ್ಮ ನಾಡಿನ ಕಥೆಯೂ ಇದಕ್ಕೆ ಸಮಾನಾಂತರವಾಗಿದೆ. ಹತ್ತೊಂಬತ್ತನೆಯ ಶತಮಾನದ ಬೆಂಗಳೂರಿನ ಹುಚ್ಚಾಸ್ಪತ್ರೆಯು 1925ರಲ್ಲಿ ‘ಮಾನಸಿಕ ಆಸ್ಪತ್ರೆ’ ಎಂಬ ಹೆಸರು ಪಡೆಯಿತು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. 1974ರಲ್ಲಿ ಇವೆರಡೂ ಸೇರಿ ನಿಮ್ಹಾನ್ಸ್ ಆಯಿತು. ಅಲ್ಲಿ ರೋಗಿಯ ಜತೆಗೆ ಮನೆಯವರೊಬ್ಬರು ಉಳಿಯುವ ಪದ್ಧತಿ ಬೇರೂರಿದೆ. ಗೋಡೆಯಾಚೆ ಬಿಟ್ಟುಬಂದ ರೋಗಿಗೂ ಪಕ್ಕದಲ್ಲಿ ಅಣ್ಣನೋ ತಾಯಿಯೋ ಕುಳಿತಿರುವ ರೋಗಿಗೂ ಅಪಾರ ವ್ಯತ್ಯಾಸವಿದೆ.

ಇದಕ್ಕಿಂತಲೂ ಮುಖ್ಯವಾದುದು ಬಳ್ಳಾರಿಯಲ್ಲಿ ನಡೆದ ಪ್ರಯೋಗ. 1980ರ ದಶಕದ ನಡುವೆ ನಿಮ್ಹಾನ್ಸ್ ವೈದ್ಯರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸಿ ಚಿಕಿತ್ಸೆ ನೀಡುವ ಅಲ್ಪಾವಧಿಯ ತರಬೇತಿ ಕೊಟ್ಟರು. ಕೆಲವೇ ಅಗತ್ಯ ಔಷಧಗಳು ಅಲ್ಲಿಯೇ ಸಿಗುವಂತೆ ಮಾಡಿದರು. ಮನೋವೈದ್ಯರಿಲ್ಲದ ಊರಿನಲ್ಲಿಯೂ ಸಾಮಾನ್ಯ ವೈದ್ಯರೇ ಈ ಕೆಲಸವನ್ನು ಮಾಡಬಲ್ಲರೆಂಬುದು ಅದರಿಂದ ಸಿದ್ಧವಾಯಿತು. 1996ರಲ್ಲಿ ಆರಂಭವಾದ ಭಾರತದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ‘ಬಳ್ಳಾರಿ ಮಾದರಿ’ಯೇ ಆಧಾರ. ಇಂದು ಅಮೆರಿಕದ ಸಾಮಾನ್ಯ ಚಿಕಿತ್ಸಾಲಯಗಳಲ್ಲಿ ಖಿನ್ನತೆಗೆ ಚಿಕಿತ್ಸೆ ನೀಡುವಾಗ ನಾವು ಅನುಸರಿಸುತ್ತಿರುವುದು ಕೂಡ ಅದೇ ತತ್ತ್ವವನ್ನು.

ಚಿಕಿತ್ಸೆ

ಮಾತಿನ ಚಿಕಿತ್ಸೆ: ಸೌಮ್ಯ ಖಿನ್ನತೆಗೆ ಇದೊಂದೇ ಸಾಕಾಗಬಹುದು, ತೀವ್ರವಾದುದಕ್ಕೆ ಔಷಧದ ಜತೆಗೆ ಬೇಕು. ಫಿಲಡೆಲ್ಫಿಯಾದ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಅರಿವಿನ ಚಿಕಿತ್ಸೆಯು ತಾನಾಗಿಯೇ ಮೂಡುವ ಯೋಚನೆಗಳನ್ನು ಪರೀಕ್ಷೆಗೊಡ್ಡಲು ಕಲಿಸುತ್ತದೆ. ‘ಮಗ ಇವತ್ತು ಫೋನ್ ಮಾಡಲಿಲ್ಲ’ ಎಂಬುದು ಘಟನೆ; ‘ನಾನು ಯಾರಿಗೂ ಬೇಡ’ ಎಂಬುದು ಖಿನ್ನತೆ ಅದಕ್ಕೆ ಬರೆದ ವ್ಯಾಖ್ಯಾನ. ಇವೆರಡನ್ನು ಬೇರ್ಪಡಿಸುವುದು ಅಭ್ಯಾಸದಿಂದ ಸಾಧ್ಯ. ಇನ್ನೊಂದು ಸರಳ ಕ್ರಮವೆಂದರೆ, ಮನಸ್ಸು ಬಂದ ಮೇಲೆ ಮಾಡೋಣವೆಂದು ಕಾಯದೆ, ದಿನಕ್ಕೊಂದು ಸಣ್ಣ ಕೆಲಸವನ್ನು ಗೊತ್ತುಮಾಡಿಕೊಂಡು ಮಾಡುವುದು. ನೆರೆಯ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿಕ್ರಂ ಪಟೇಲ್ ಮತ್ತು ಸಂಗಡಿಗರು ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತರಬೇತಿ ಪಡೆದ ಸಾಮಾನ್ಯ ಜನರು ಈ ಕ್ರಮವನ್ನು ಹೇಳಿಕೊಟ್ಟಾಗಲೂ ತೀವ್ರ ಖಿನ್ನತೆಯುಳ್ಳವರು ಸುಧಾರಿಸಿದರು. ಕನ್ನಡದಲ್ಲಿ ಡಾ. ಸಿ. ಆರ್. ಚಂದ್ರಶೇಖರ್ ಅವರು ದಶಕಗಳಿಂದ ಪುಸ್ತಕ, ಉಪನ್ಯಾಸ, ಆಪ್ತಸಲಹೆಗಳ ಮೂಲಕ ಮನೋರೋಗದ ತಿಳಿವಳಿಕೆಯನ್ನು ಮನೆಮನೆಗೆ ತಲುಪಿಸಿದ್ದಾರೆ. ಊರಿನಲ್ಲಿರುವ ಹಿರಿಯರ ಕೈಗೆ ಕೊಡಲು ಅವರ ಪುಸ್ತಕಗಳು ಯೋಗ್ಯವಾದವು.

ಔಷಧ: ಖಿನ್ನತೆಯ ಮೊದಲ ಔಷಧಗಳು ಆಕಸ್ಮಿಕವಾಗಿ ದೊರೆತವು. 1950ರ ದಶಕದಲ್ಲಿ ಕ್ಷಯರೋಗಿಗಳಿಗೆ ಕೊಟ್ಟ ಐಪ್ರೋನಿಯಾಜಿಡ್ ಅವರ ಮನಸ್ಸನ್ನೂ ಚೇತರಿಸಿತು. ಅದೇ ದಶಕದಲ್ಲಿ ಸ್ವಿಟ್ಜರ್ಲೆಂಡಿನ ರೋಲಂಡ್ ಕುಹ್ನ್ ಇಮಿಪ್ರಮಿನ್‌ನ ಗುಣವನ್ನು ಕಂಡರು. 1987ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಫ್ಲೂಆಕ್ಸೆಟಿನ್ ಹಾಗೂ ಅನಂತರ ಬಂದ ಸರ್ಟ್ರಲಿನ್, ಎಸ್ಸಿಟಲೋಪ್ರಾಮ್‌ಗಳು ಇಂದು ಹೆಚ್ಚು ಬಳಕೆಯಲ್ಲಿವೆ. ಇವುಗಳ ಬಗ್ಗೆ ರೋಗಿಗಳಿಗೆ ನಾನು ತಪ್ಪದೆ ಹೇಳುವ ಮಾತುಗಳಿವು:

• ಮೊದಲ ವಾರ ಹೊಟ್ಟೆ ತೊಳಸುವುದು, ತಲೆನೋವು ಬರಬಹುದು. ಗುಣ ಕಾಣಲು ಎರಡರಿಂದ ಆರು ವಾರ ಬೇಕು. ತೊಂದರೆ ಮೊದಲು, ಗುಣ ನಂತರ. ಈ ನಡುವಿನ ಕಾಲದಲ್ಲಿಯೇ ಹೆಚ್ಚಿನವರು ಮಾತ್ರೆ ಬಿಡುವುದು.
• ಇವು ಮದ್ಯದಂತೆ ಚಟ ಹಿಡಿಸುವುದಿಲ್ಲ. ಆದರೆ ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ ಬರುವುದರಿಂದ ವೈದ್ಯರ ಸಲಹೆಯಂತೆ ಮೆಲ್ಲಮೆಲ್ಲನೆ ಇಳಿಸಬೇಕು.
• ಮನಸ್ಸು ಸರಿಹೋದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು.
• ಮೊದಲ ಮಾತ್ರೆಯಿಂದಲೇ ಪೂರ್ಣ ಗುಣ ಕಾಣುವವರು ಸುಮಾರು ಮೂರರಲ್ಲಿ ಒಬ್ಬರು. ಉಳಿದವರಿಗೆ ಪ್ರಮಾಣ ಹೆಚ್ಚಿಸಿಯೋ ಔಷಧ ಬದಲಿಸಿಯೋ ಬೇರೆ ಚಿಕಿತ್ಸೆ ಸೇರಿಸಿಯೋ ಮುಂದುವರಿಯಬೇಕು.
• ರಕ್ತದೊತ್ತಡಕ್ಕೆ ಮೂತ್ರವರ್ಧಕ ನುಂಗುವ ಹಿರಿಯರಲ್ಲಿ ರಕ್ತದ ಸೋಡಿಯಂ ಇಳಿಯಬಹುದು. ಕೆಲವು ವಾರಗಳಲ್ಲಿ ಅದನ್ನು ಪರೀಕ್ಷಿಸಬೇಕು.
• ಇಪ್ಪತ್ತೈದರೊಳಗಿನವರಲ್ಲಿ ಆರಂಭದಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚುವ ಸಾಧ್ಯತೆಯ ಬಗ್ಗೆ ಎಚ್ಚರಿಕೆಯಿದೆ. ಮನೆಯವರು ಜತೆಗಿದ್ದು ಗಮನಿಸಬೇಕು.

ವ್ಯಾಯಾಮ: ಇದನ್ನು ಉಪದೇಶವೆಂದು ತಳ್ಳಿಹಾಕಬಾರದು. ನಮ್ಮ ನೆರೆಯ ಡರ್ಹ್ಯಾಮ್‌ನ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಬ್ಲುಮೆಂತಾಲ್ ಮತ್ತು ಸಂಗಡಿಗರು ಐವತ್ತು ದಾಟಿದ 156 ಖಿನ್ನತೆಯ ರೋಗಿಗಳನ್ನು ವ್ಯಾಯಾಮ, ಸರ್ಟ್ರಲಿನ್, ಎರಡೂ ಎಂದು ಮೂರು ಗುಂಪು ಮಾಡಿ, 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಹದಿನಾರು ವಾರಗಳ ಕೊನೆಗೆ ಮೂರೂ ಗುಂಪುಗಳು ಹೆಚ್ಚುಕಡಿಮೆ ಸಮನಾಗಿ ಸುಧಾರಿಸಿದ್ದವು. ಆರಂಭದಲ್ಲಿ ಮಾತ್ರ ಔಷಧದ ವೇಗ ಹೆಚ್ಚು. ವಾರಕ್ಕೆ ಮೂರು ದಿನದ ಬಿರುಸು ನಡಿಗೆ ಅಥವಾ ಓಟವೇ ಅಲ್ಲಿನ ವ್ಯಾಯಾಮ.

ಯೋಗ ಮತ್ತು ವಿದ್ಯುತ್ ಚಿಕಿತ್ಸೆ: ನಿಮ್ಹಾನ್ಸ್‌ನಲ್ಲಿ ಆಸ್ಪತ್ರೆಗೆ ದಾಖಲಾಗಿದ್ದ 45 ರೋಗಿಗಳನ್ನು ವಿದ್ಯುತ್ ಚಿಕಿತ್ಸೆ, ಇಮಿಪ್ರಮಿನ್, ಸುದರ್ಶನ ಕ್ರಿಯೆಯೆಂಬ ಉಸಿರಾಟದ ಅಭ್ಯಾಸ ಎಂದು ಮೂರು ಗುಂಪು ಮಾಡಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ನಾಲ್ಕು ವಾರಗಳಲ್ಲಿ ಉಸಿರಾಟದ ಅಭ್ಯಾಸವು ಇಮಿಪ್ರಮಿನ್‌ಗೆ ಸರಿಸುಮಾರು ಸಮನಾಗಿತ್ತು. ವಿದ್ಯುತ್ ಚಿಕಿತ್ಸೆ ಎರಡನ್ನೂ ಮೀರಿಸಿತು. ಯೋಗದ ಅಭಿಮಾನಿಗಳು ಈ ಫಲಿತಾಂಶದ ಮೊದಲರ್ಧವನ್ನಷ್ಟೇ ಹೇಳುತ್ತಾರೆ. ಅಧ್ಯಯನ ಸಣ್ಣದು; ಅದನ್ನು ನಂಬಿ ಮಾತ್ರೆ ಬಿಡುವಂತಿಲ್ಲ. ವಿದ್ಯುತ್ ಚಿಕಿತ್ಸೆಯೆಂದರೆ ಚಲನಚಿತ್ರಗಳು ಬಿತ್ತಿದ ಭಯವೇ ಕಣ್ಣಮುಂದೆ ಬರುತ್ತದೆ. ಇಂದು ಅದನ್ನು ಅರಿವಳಿಕೆ ಕೊಟ್ಟು, ಸ್ನಾಯುಗಳನ್ನು ಸಡಿಲಿಸಿ ಮಾಡುತ್ತಾರೆ. ಕೆಲಕಾಲ ಮರೆವು ಉಂಟಾಗಬಹುದು. ಕೆಲವರಿಗೆ ಆ ದಿನಗಳ ನೆನಪು ಮರಳದೆಯೂ ಇರಬಹುದು. ಅನ್ನನೀರು ಬಿಟ್ಟು ಮಲಗಿದವರಲ್ಲಿ, ಬಾಣಂತಿ ಸನ್ನಿಯಲ್ಲಿ ಅದು ಪ್ರಾಣ ಉಳಿಸುವ ಚಿಕಿತ್ಸೆ.

ಪ್ರಾಣದ ಪ್ರಶ್ನೆ

ನನ್ನ ಬಾಲ್ಯದಲ್ಲಿ ನಮ್ಮ ಬೀದಿಯಲ್ಲಿ ಶಾಲಾ ಮೇಷ್ಟರೊಬ್ಬರಿದ್ದರು. ಒಂದು ವರ್ಷ ಅವರು ಶಾಲೆಗೆ ಹೋಗುವುದನ್ನು ನಿಲ್ಲಿಸಿದರು, ಕ್ಷೌರ ಬಿಟ್ಟರು, ಜಗಲಿಯಲ್ಲಿ ಗೋಡೆ ನೋಡುತ್ತ ಕೂರುತ್ತಿದ್ದರು. ಸೋಮಾರಿಯೆಂದರು, ಮಾಟವೆಂದರು, ಪೂಜೆಗಳೂ ನಡೆದವು. ಆ ಮಳೆಗಾಲದಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ವೈದ್ಯಕೀಯ ಓದುವಾಗ ಖಿನ್ನತೆಯ ಪಾಠ ಬಂದ ದಿನ, ಪುಸ್ತಕದ ಪ್ರತಿ ಸಾಲಿನಲ್ಲಿಯೂ ನನಗೆ ಆ ಜಗಲಿಯೇ ಕಾಣುತ್ತಿತ್ತು. ಇಮಿಪ್ರಮಿನ್ ಆ ಕಾಲಕ್ಕಾಗಲೇ ನಮ್ಮ ಜಿಲ್ಲಾ ಕೇಂದ್ರದಲ್ಲಿ ಸಿಗುತ್ತಿತ್ತು.

ಆತ್ಮಹತ್ಯೆಯ ಬಗ್ಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಎಂಬುದು ತಪ್ಪು ನಂಬಿಕೆ. ನೇರವಾಗಿ, ಮೃದುವಾಗಿ ಕೇಳಬಹುದು: ‘ಬದುಕೇ ಬೇಡ ಅನ್ನಿಸುತ್ತಿದೆಯಾ? ಏನಾದರೂ ಮಾಡಿಕೊಳ್ಳಬೇಕು ಅನ್ನಿಸಿದೆಯಾ?’ ಹೌದೆಂದರೆ ಗಾಬರಿಪಡದೆ, ಉಪದೇಶಿಸದೆ, ಒಬ್ಬರನ್ನೇ ಬಿಡದೆ, ಮನೆಯಲ್ಲಿ ಬಂದೂಕು, ಮಾತ್ರೆಗಳ ದಾಸ್ತಾನು ಇದ್ದರೆ ದೂರ ಸಾಗಿಸಿ, ಅಂದೇ ಸಹಾಯ ಪಡೆಯಬೇಕು. ಅಮೆರಿಕದಲ್ಲಿ 988 ಸಂಖ್ಯೆಗೆ ಯಾವ ಹೊತ್ತಿನಲ್ಲಿಯೂ ಕರೆ ಮಾಡಬಹುದು, ದುಭಾಷಿಯನ್ನು ಕೇಳಬಹುದು. ಪ್ರಾಣಾಪಾಯವಿದ್ದರೆ 911. ಭಾರತದಲ್ಲಿರುವ ಬಂಧುಗಳಿಗೆ 2022ರಿಂದ ಟೆಲಿ-ಮಾನಸ್ ಸೇವೆ 14416 ಸಂಖ್ಯೆಯಲ್ಲಿ ಉಚಿತವಾಗಿ ದೊರೆಯುತ್ತಿದೆ, ಕನ್ನಡದಲ್ಲಿಯೂ ಇದೆ. ಆತ್ಮಹತ್ಯೆಗೆ ಯತ್ನಿಸಿದವರ ಮೇಲೆ ಪೊಲೀಸ್ ಮೊಕದ್ದಮೆಯಾಗುವುದೆಂಬ ಭಯದಿಂದ ಊರುಗಳಲ್ಲಿ ಇಂದಿಗೂ ಆಸ್ಪತ್ರೆಗೆ ಒಯ್ಯಲು ಹಿಂಜರಿಯುತ್ತಾರೆ. ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಪರಿಗಣಿಸಿ ಶಿಕ್ಷೆಯಿಂದ ರಕ್ಷಿಸುತ್ತದೆ.

ಅನಿವಾಸಿಗಳ ಅಂಜಿಕೆಗಳು

ಚಿಕಿತ್ಸೆ ಬೇಡವೆನ್ನಲು ನಮ್ಮವರು ಕೊಡುವ ಕಾರಣಗಳಲ್ಲಿ ಮೂರು ಮುಖ್ಯ. ಗ್ರೀನ್ ಕಾರ್ಡಿಗೆ ತೊಂದರೆಯಾದೀತೆಂಬುದು ಮೊದಲನೆಯದು. ಖಿನ್ನತೆಗೆ ಚಿಕಿತ್ಸೆ ಪಡೆದ ಮಾತ್ರಕ್ಕೆ ಅದನ್ನು ನಿರಾಕರಿಸುವುದಿಲ್ಲ. ಕಾಯಿಲೆಯೊಡನೆ ಇತರರಿಗೋ ತನಗೋ ಅಪಾಯ ತರುವ ವರ್ತನೆಯಿದೆಯೇ ಎಂಬುದನ್ನು ಮಾತ್ರ ನೋಡುತ್ತಾರೆ. ಕೆಲಸದಲ್ಲಿ ಗೊತ್ತಾದೀತೆಂಬುದು ಎರಡನೆಯದು. ವೈದ್ಯಕೀಯ ದಾಖಲೆಯ ಗೋಪ್ಯತೆಗೆ ಕಾನೂನಿನ ರಕ್ಷಣೆಯಿದೆ. ನಿಮ್ಮ ಒಪ್ಪಿಗೆಯಿಲ್ಲದೆ ವೈದ್ಯರು ನಿಮ್ಮ ಮೇಲಧಿಕಾರಿಗೆ ಏನನ್ನೂ ಹೇಳುವಂತಿಲ್ಲ. ಮಕ್ಕಳ ಮದುವೆಗೆ ಅಡ್ಡಿಯಾದೀತೆಂಬುದು ಮೂರನೆಯದು. ಇದಕ್ಕೆ ಕಾನೂನಿನಲ್ಲಿ ಉತ್ತರವಿಲ್ಲ, ನಮ್ಮ ನಡವಳಿಕೆಯಲ್ಲಿದೆ. 2015ರಲ್ಲಿ ಬೆಂಗಳೂರಿನಲ್ಲಿ ಬೆಳೆದ ನಟಿ ದೀಪಿಕಾ ಪಡುಕೋಣೆ ತಮಗೆ ಖಿನ್ನತೆಯಿತ್ತೆಂದು ಬಹಿರಂಗವಾಗಿ ಹೇಳಿದರು. ಅವರ ಅಳುವಿನಲ್ಲಿ ಏನೋ ಬೇರೆಯಿದೆಯೆಂದು ಮೊದಲು ಗುರುತಿಸಿದವರು ಅವರ ತಾಯಿ. ಅವರು ಸ್ಥಾಪಿಸಿದ ಪ್ರತಿಷ್ಠಾನವು ದಾವಣಗೆರೆ ಜಿಲ್ಲೆಯ ಹಳ್ಳಿಗಳಲ್ಲಿ ಮನೋರೋಗಿಗಳ ಆರೈಕೆಗೆ ನೆರವಾಗಿದೆ.

ವಿಮೆಯ ಬಗ್ಗೆ ಒಂದು ಮಾತು. 2008ರ ಕಾಯ್ದೆಯ ಪ್ರಕಾರ, ಮಾನಸಿಕ ಚಿಕಿತ್ಸೆಗೆ ವಿಮೆ ಕೊಡುವ ಬಹುಪಾಲು ಸಂಸ್ಥೆಗಳು ದೇಹದ ಕಾಯಿಲೆಗಿಂತ ಹೆಚ್ಚಿನ ನಿರ್ಬಂಧಗಳನ್ನು ಅದಕ್ಕೆ ಹಾಕುವಂತಿಲ್ಲ. ಭೇಟಿಗೆ ಬರುವ ತಂದೆತಾಯಿಯರ ಪ್ರವಾಸಿ ವಿಮೆ ಸಾಮಾನ್ಯವಾಗಿ ಇದಕ್ಕೆ ಒದಗುವುದಿಲ್ಲ. ಅವರು ಈಗಾಗಲೇ ಮಾತ್ರೆ ನುಂಗುತ್ತಿದ್ದರೆ ಪೂರ್ತಿ ಅವಧಿಗೆ ಸಾಕಾಗುವಷ್ಟನ್ನು ವೈದ್ಯರ ಚೀಟಿಯ ಸಮೇತ ತರಲು ಹೇಳಿ; ‘ಅಮೆರಿಕಕ್ಕೆ ಹೋದರೆ ಮನಸ್ಸು ಸರಿಹೋಗುತ್ತದೆ’ ಎಂದು ನಿಲ್ಲಿಸಿ ಬರಬಾರದು. ಆದಾಯಕ್ಕೆ ತಕ್ಕ ಶುಲ್ಕ ಪಡೆಯುವ ಸಮುದಾಯ ಆರೋಗ್ಯ ಕೇಂದ್ರಗಳು ಹೆಚ್ಚಿನ ನಗರಗಳಲ್ಲಿವೆ. ಅವು ವಿಮೆಯಿಲ್ಲದವರನ್ನೂ ನೋಡುತ್ತವೆ.

ಮನೆಯವರು ಆಡುವ ಮಾತಿಗೂ ತೂಕವಿದೆ. ‘ನಿನಗೇನು ಕಡಿಮೆಯಾಗಿದೆ?’, ‘ಧೈರ್ಯ ತಂದುಕೋ’ ಎಂಬ ಮಾತುಗಳು ಒಳ್ಳೆಯ ಮನಸ್ಸಿನಿಂದಲೇ ಬಂದರೂ, ಈಗಾಗಲೇ ತನ್ನನ್ನು ತಾನೇ ಹಳಿದುಕೊಳ್ಳುತ್ತಿರುವವರಿಗೆ ಆರೋಪವಾಗಿ ಕೇಳಿಸುತ್ತವೆ. ‘ಎಷ್ಟು ದಿನದಿಂದ ಹೀಗಿದೆ? ನಾಳೆ ಡಾಕ್ಟರ ಹತ್ತಿರ ಹೋಗೋಣ, ನಾನೂ ಬರುತ್ತೇನೆ’ ಎನ್ನಿ. ಈ ವಾರ ಊರಿಗೆ ಕರೆ ಮಾಡಿದಾಗ ‘ಊಟ ಆಯ್ತಾ?’ ಎಂದು ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: ‘ರಾತ್ರಿ ನಿದ್ದೆ ಬರುತ್ತಾ? ಬೆಳಿಗ್ಗೆ ಎದ್ದಾಗ ಮನಸ್ಸು ಹೇಗಿರುತ್ತೆ?’ ಉತ್ತರ ತಡವಾಗಿ ಬಂದರೆ ಫೋನ್ ಇಡಬೇಡಿ, ಕಾಯಿರಿ.